ನಾಲ್ಕು ತಾಲ್ಲೂಕು, ಒಂದು ಪಡಸಾಲೆ

ದಾವಣಗೆರೆ ಜಿಲ್ಲೆ ಮಾಡಿದವರು ನಕಾಶೆ ನೋಡಿದರೇ ಹೊರತು ಅಡುಗೆಮನೆಗೆ ಇಣುಕಲಿಲ್ಲ. 1997ರ ಆಗಸ್ಟ್ 15ಕ್ಕೆ ಚಿತ್ರದುರ್ಗದ ಕಡೆಯಿಂದ ಜಗಳೂರನ್ನು ಎತ್ತಿಕೊಂಡರು, ಶಿವಮೊಗ್ಗದ ಕಡೆಯಿಂದ ಚನ್ನಗಿರಿ, ಹೊನ್ನಾಳಿಗಳನ್ನು ತಂದರು, ಎಲ್ಲ ಸೇರಿಸಿ ಗಂಟು ಕಟ್ಟಿದರು. ಆಮೇಲೆ ಹೊನ್ನಾಳಿಯ ಮಗ್ಗುಲಿಂದ ನ್ಯಾಮತಿ ಬೇರೆ ಒಲೆ ಹೂಡಿ ತಾನೂ ಒಂದು ತಾಲ್ಲೂಕಾಯಿತು. ಕಾಗದದ ಮೇಲೆ ಎಲ್ಲವೂ ಸುಸೂತ್ರ. ಆದರೆ ಆಶ್ವೀಜ ಹುಟ್ಟಿ, ಆರು ಗಂಟೆಗೇ ಕತ್ತಲು ಇಳಿದು, ಈ ನಾಲ್ಕೂ ತಾಲ್ಲೂಕಿನವರು ಒಂದೇ ಮನೆಯ ಪಡಸಾಲೆಯಲ್ಲಿ ಹಬ್ಬಕ್ಕೆಂದು ಕೂತರೆ ಏನಾಗುತ್ತದೆ ಎಂದು ಯಾವ ಸರ್ಕಾರವೂ ಯೋಚಿಸಿದ ಹಾಗಿಲ್ಲ. ಯೋಚಿಸುವ ಪಾಳಿ ನನ್ನ ಪಾಲಿಗೆ ಬಂತು.

ನಮ್ಮದು ಹೊನ್ನಾಳಿ. ಮನೆಯವಳು ಜಗಳೂರು ಸೀಮೆಯವಳು. (ಊರಿನ ಹೆಸರು ಹಿಡಿದು ಮಾಡಬಹುದಾದ ತಮಾಷೆ ನಿಮ್ಮ ನಾಲಗೆಯ ತುದಿಗೆ ಬಂದಿರಬಹುದು. ನುಂಗಿಕೊಳ್ಳಿ. ಅದನ್ನು ನಮ್ಮ ಕಡೆಯ ಹಿರಿಯರು ಮದುವೆ ಚಪ್ಪರದಲ್ಲೇ ಮಾಡಿ ಮುಗಿಸಿದ್ದಾರೆ. ಈಗ ಮಾಡಿದವರಿಗೆ ನಮ್ಮ ಮನೆಯಲ್ಲಿ ಚಹಾ ಸಿಗುವುದಿಲ್ಲ.) ಅಕ್ಕನನ್ನು ಕೊಟ್ಟದ್ದು ಚನ್ನಗಿರಿ ಕಡೆಯ ಅಡಿಕೆ ತೋಟದ ಮನೆಗೆ. ತಮ್ಮ ನ್ಯಾಮತಿಯ ಹುಡುಗಿಯನ್ನು ಮದುವೆಯಾಗಿ, ಅಲ್ಲೇ ಒಂದು ಅಂಗಡಿ ಇಟ್ಟುಕೊಂಡು, ಮಾವನ ಮನೆಯ ಮಗ್ಗುಲಲ್ಲೇ ನೆಲೆ ನಿಂತಿದ್ದಾನೆ. ಅವ್ವ ನಮ್ಮ ಜೊತೆಗಿದ್ದಾಳೆ. ಅವ್ವ ಇರುವ ಮನೆಯೇ ಹಬ್ಬದ ಮನೆ. ಹೀಗಾಗಿ ಬನ್ನಿ ಮುಡಿಯುವ ದಿನದಿಂದ ಗೌರಿ ಹುಣ್ಣಿಮೆಯವರೆಗೆ ನಮ್ಮ ಮನೆ ಸಂಜೆಯಾದರೆ ತಾಲ್ಲೂಕು ಪಂಚಾಯ್ತಿ ಸಭೆ. ಕೋರಂ ಯಾವತ್ತೂ ಕಡಿಮೆಯಾಗುವುದಿಲ್ಲ, ಠರಾವು ಮಾತ್ರ ಯಾವತ್ತೂ ಪಾಸಾಗುವುದಿಲ್ಲ.

ಈ ಸಭೆಗೆ ಹೊಸ ವಿಷಯ ತಂದವಳು ಅಕ್ಕನ ಮಗಳು. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ದಸರೆಯ ಹೊತ್ತಿಗೆ ಫೋನು ಮಾಡಿ, "ಮಾವ, ಈ ಸಲ ದೀಪಾವಳಿಗೆ ಮನೇನ ಸ್ವಲ್ಪ ಕೋಝಿಯಾಗಿ ಮಾಡೋಣ" ಅಂದಳು. ಬೆನ್ನಿಗೇ ವಾಟ್ಸ್‌ಆ್ಯಪಿಗೆ ವಿಡಿಯೊಗಳು ಬಂದವು. ಕಿಟಕಿಗೆ ಹಳದಿ ಸರದೀಪ, ಸೋಫಾ ಮೇಲೆ ಉಣ್ಣೆಯ ಹೊದಿಕೆ, ಗಾಜಿನ ಲೋಟದೊಳಗೆ ದಾಲ್ಚಿನ್ನಿ ವಾಸನೆಯ ಮೇಣದ ಬತ್ತಿ, ಹಿನ್ನೆಲೆಯಲ್ಲಿ ಯಾರೋ ನಿದ್ದೆಗಣ್ಣಿನಲ್ಲಿ ಬಾರಿಸಿದಂಥ ಪಿಯಾನೊ. ಪರದೆ ಎಳೆದಿರಬೇಕು, ಯಾರೂ ಜೋರಾಗಿ ಮಾತಾಡಬಾರದು, ಕೈಯಲ್ಲಿ ಬಿಸಿ ಕೋಕೋ ಹಿಡಿದಿರಬೇಕು. ಮೇಣದ ಬತ್ತಿಯೊಂದನ್ನು ಅವಳು ಮುಂಚಿತವಾಗಿ ಕೊರಿಯರಿನಲ್ಲೂ ಕಳಿಸಿದಳು. ಹಚ್ಚಿಟ್ಟೆವು. ಅರ್ಧ ಗಂಟೆ ಬಿಟ್ಟು ಅವ್ವ ಒಳಗಿನಿಂದ ಬಂದು ಮೂಗರಳಿಸಿ, "ಪಲಾವ್ ಮಾಡೀರೇನು? ನನಗ್ಯಾಕೆ ಹೇಳಲಿಲ್ಲ?" ಅಂದಳು. ಇಲ್ಲ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಆ ರಾತ್ರಿ ಪಲಾವ್ ಮಾಡಿಯೇ ಮಲಗಬೇಕಾಯಿತು.

ಆ ವಿಡಿಯೊಗಳಲ್ಲಿ ಕಾಣುವ ಚಳಿದೇಶದವರ ಕಷ್ಟ ನನಗೆ ಅರ್ಥವಾಗದ್ದೇನಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಡಿಸೆಂಬರ್ ಬಂತೆಂದರೆ ಮಧ್ಯಾಹ್ನ ಮೂರೂಮುಕ್ಕಾಲರ ಹೊತ್ತಿಗೆ ಸೂರ್ಯ ಅಂಗಡಿ ಮುಚ್ಚುತ್ತಾನೆ. ನಮ್ಮಲ್ಲಿ ಊಟ ಮಾಡಿ ಅಡ್ಡಾಗಿ ಎದ್ದು ಮುಖ ತೊಳೆಯುವ ಹೊತ್ತು ಅದು. ಅಷ್ಟು ಬೇಗ ಕತ್ತಲಾದ ಮೇಲೆ ಆ ಜನ ಮೇಣದ ಬತ್ತಿಯನ್ನಾದರೂ ಹಚ್ಚಲಿ, ಹೊದಿಕೆಯನ್ನಾದರೂ ಹೊದೆಯಲಿ, ಬೇಡ ಅನ್ನುವವರು ಯಾರು? ಹೊನ್ನಾಳಿ ಇರುವುದು ಸಮಭಾಜಕದಿಂದ ಉತ್ತರಕ್ಕೆ ಬರೀ 14 ಡಿಗ್ರಿಯಲ್ಲಿ. ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಸಣ್ಣ ಹಗಲಿಗೂ ಎರಡು ಗಂಟೆಯ ಅಂತರವೂ ಇಲ್ಲ. ಉಣ್ಣೆ ಹೊದಿಕೆ ಹೊದ್ದು ಕೂತರೆ ಹತ್ತು ನಿಮಿಷಕ್ಕೆ ಬೆವರು, ಹದಿನೈದಕ್ಕೆ ಫ್ಯಾನು, ಫ್ಯಾನು ಹಾಕಿದ ಕೂಡಲೇ ಮೇಣದ ಬತ್ತಿ ಢಮಾರ್.

ನಿಜ ಹೇಳಬೇಕೆಂದರೆ ನಮ್ಮ ಸೀಮೆಯ ಶರತ್ಕಾಲದ ಕತ್ತಲು ಸೂರ್ಯನಿಂದ ಬಂದದ್ದಲ್ಲ, ಟ್ರಾನ್ಸ್‌ಫಾರ್ಮರಿನಿಂದ ಬಂದದ್ದು. ಹಿಂಗಾರಿನ ಒಂದು ಗುಡುಗು ಸಾಕು, ಕರೆಂಟು ಎದ್ದು ಹೊರಟೇಬಿಡುತ್ತಿತ್ತು. ಅದಕ್ಕೂ ಹಿಂದೆ, ಕರೆಂಟು ಇದ್ದಾಗಲೂ ಇದ್ದದ್ದು ಎಷ್ಟು? 1979-80ರ ಸುಮಾರಿಗೆ ಭಾಗ್ಯಜ್ಯೋತಿ ಬಂದಾಗ ಬಡವರ ಮನೆಗೆ ಸಿಕ್ಕದ್ದು ಒಂದೇ ಒಂದು 40 ವ್ಯಾಟಿನ ಬಲ್ಬು. ಅದನ್ನು ಎಲ್ಲಿ ಹಾಕುವುದು? ಅಡುಗೆಮನೆಗೆ ಹಾಕಿದರೆ ಪಡಸಾಲೆ ಕತ್ತಲು, ಪಡಸಾಲೆಗೆ ಹಾಕಿದರೆ ಕೊಟ್ಟಿಗೆ ಕತ್ತಲು. ನಮ್ಮ ಕೇರಿಯಲ್ಲಿ ಬುದ್ಧಿವಂತರು ನಡುಗೋಡೆಗೆ ತೂತು ಕೊರೆದು ಅದರೊಳಗೆ ಬಲ್ಬು ಇಟ್ಟಿದ್ದರು. ಆಚೆಗೆ ಅರ್ಧ, ಈಚೆಗೆ ಅರ್ಧ. ಓದುವ ಹುಡುಗ, ಅವರೆ ಬಿಡಿಸುವ ಅತ್ತೆ, ಎಲೆಯಡಿಕೆ ಕುಟ್ಟುವ ಅಜ್ಜ, ಲೆಕ್ಕ ಬರೆಯುವ ಅಪ್ಪ, ಎಲ್ಲರೂ ಆ ಬೆಳಕಿನ ವೃತ್ತದೊಳಗೇ ಮೊಣಕಾಲು ಮಡಚಿ ಕೂರಬೇಕು. ಮೂಲೆಯಲ್ಲಿ ಭದ್ರಾವತಿ ಆಕಾಶವಾಣಿ. ಮುನಿಸಿಕೊಂಡು ಹೋಗಲು ಇನ್ನೊಂದು ಕೋಣೆಯಿತ್ತು ನಿಜ, ಆದರೆ ಅಲ್ಲಿ ಕತ್ತಲು, ಜೊತೆಗೆ ಚೇಳು. ಹಾಗಾಗಿ ಮುನಿಸಿಕೊಂಡವರೂ ಅಲ್ಲೇ ಕೂತು ಮುನಿಸಿಕೊಳ್ಳಬೇಕಿತ್ತು. ಈಗ ಕೋಣೆಗೊಂದು ಟ್ಯೂಬ್‌ಲೈಟು, ಕರೆಂಟು ಹೋದರೆ ಯುಪಿಎಸ್ಸು. ಮನೆಮಂದಿಯನ್ನು ಒಂದೆಡೆ ಕೂರಿಸುತ್ತಿದ್ದ ಕತ್ತಲನ್ನು ದುಡ್ಡು ಕೊಟ್ಟು ಓಡಿಸಿ, ಈಗ ದುಡ್ಡು ಕೊಟ್ಟೇ ಮಬ್ಬು ದೀಪ ತರಿಸುತ್ತಿದ್ದೇವೆ.

ಇದನ್ನು ನಾನು ಸೊಸೆಗೆ ಹೇಳಿದೆ. (ಅಕ್ಕನ ಮಗಳು ಸೊಸೆಯೇ ಅಲ್ಲವೇ.) ಅವಳು "ಮಾವ, ನೀವು ಬರೀ ಹಳೇ ಕಾಲದ ಮಾತು" ಅಂದಳು. ಉತ್ತರ ಕೊಟ್ಟವಳು ಚನ್ನಗಿರಿಯ ಅಕ್ಕ: "ಹಳೇ ಕಾಲ ಯಾವುದೇ? ನೀ ಬೆಳೆದದ್ದೇ ಹಳದಿ ಬಲ್ಬಿನ ಬುಡದಾಗೆ, ಅಡಿಕೆ ಚೀಲದ ಮ್ಯಾಲೆ ಮಲಕ್ಕಂಡು."

ಅದು ಹೌದು. ಚನ್ನಗಿರಿಯಲ್ಲಿ ದೀಪಾವಳಿಯ ಆಸುಪಾಸೆಂದರೆ ಅಡಿಕೆ ಕೊಯ್ಲಿನ ಭರ. ಹಬ್ಬವಿದೆ ಎಂದು ಗೊನೆ ಕಾಯುವುದಿಲ್ಲ. ಹಗಲು ಇಳಿಸಿದ ಹಸಿ ಅಡಿಕೆಯನ್ನು ತಡಮಾಡದೆ ಸುಲಿಯಬೇಕು, ಹಂಡೆಗೆ ಹಾಕಿ ಬೇಯಿಸಬೇಕು, ಬಿಸಿಲು ಇದ್ದಾಗಲೇ ಒಣಹಾಕಬೇಕು. ಸುಲಿಯುವ ಯಂತ್ರ ಬರುವ ಮುಂಚೆ ಇದೆಲ್ಲ ಕೈಯ ಕೆಲಸ. ಕತ್ತಲಾಗುತ್ತಲೇ ಅಂಗಳದಲ್ಲಿ ಒಂದು ಬಲ್ಬು ಇಳಿಬಿಟ್ಟು, ಅದರ ಸುತ್ತ ಮಣೆಗೆ ನೆಟ್ಟ ಕತ್ತಿಗಳನ್ನಿಟ್ಟುಕೊಂಡು ಹೆಂಗಸರು ಕೂರುತ್ತಿದ್ದರು. ಒಂದು ಕಾಯಿ ಕತ್ತಿಗೆ ಒತ್ತಿದರೆ ಟಚಕ್, ತಿರುವಿದರೆ ಸಿಪ್ಪೆ ಎಡಕ್ಕೆ, ಅಡಿಕೆ ಬಲಕ್ಕೆ. ಕಣ್ಣು ಕತ್ತಿಯ ಮೇಲಿರಲೇಬೇಕಾಗಿಲ್ಲ, ಆದ್ದರಿಂದ ಬಾಯಿ ಪೂರ್ತಿ ಬಿಡುವಾಗಿರುತ್ತಿತ್ತು. ಯಾರ ಮನೆಯ ಹುಡುಗಿಗೆ ಎಲ್ಲಿಂದ ಗಂಡು ಬಂತು, ಯಾವ ಖೇಣಿದಾರ ಯಾರ ತೋಟಕ್ಕೆ ಎಷ್ಟು ಕೂಗಿ ಕೈ ಸುಟ್ಟುಕೊಂಡ, ಸಂತೇಬೆನ್ನೂರಿನ ಪುಷ್ಕರಣಿ ನೋಡಲು ಹೋದ ಹೊಸ ಜೋಡಿ ಯಾಕೆ ಮುಖ ಊದಿಸಿಕೊಂಡು ಬಂತು, ಇವೆಲ್ಲ ಅಲ್ಲಿ ತೀರ್ಮಾನವಾಗುತ್ತಿದ್ದವು. ಅಕ್ಕ ಮದುವೆಯಾದ ಹೊಸತರಲ್ಲಿ ಚೊಗರಿಗೆ ಕಪ್ಪಾದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ತವರಿಗೆ ಬರುತ್ತಿದ್ದಳು. ಆಮೇಲಾಮೇಲೆ ಆ ಬೆರಳುಗಳನ್ನೇ ಮುಂದೆ ಚಾಚಿ ಬಳೆ ತೋರಿಸಲು ಕಲಿತಳು. ಅಡಿಕೆ ದರ ಏರಿತ್ತು.

ಈಗ ಯಂತ್ರ ಸುಲಿಯುತ್ತದೆ. ಅದರ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಭಾವ ಒಳಗೆ ಕೂತು ಅಡಿಕೆ ಬೆಳೆಗಾರರ ಸೊಸೈಟಿ ತುಮ್ಕೋಸ್‌ನಲ್ಲಿ ರಾಶಿ ಅಡಿಕೆಯ ಆ ದಿನದ ದರ ಎಷ್ಟಾಯಿತೆಂದು ಮೊಬೈಲಿನಲ್ಲಿ ನೋಡುತ್ತಿರುತ್ತಾನೆ. ಲಕ್ಷ್ಮೀಪೂಜೆಯ ಸಂಜೆ ಅವನ ಮುಖದ ಮೇಲಿನ ಕಳೆ ಯಾವ ಹಣತೆಯದೂ ಅಲ್ಲ, ಆ ದರದ್ದು. ದರ ಬಿದ್ದ ವರ್ಷ ಎಷ್ಟು ದೀಪ ಹಚ್ಚಿದರೂ ಅಮಾವಾಸ್ಯೆ ಅಮಾವಾಸ್ಯೆಯೇ.

ಜಗಳೂರಿನವಳಿಗೆ ಈ ಅಡಿಕೆಯ ದೊಡ್ಡಸ್ತಿಕೆ ಅಷ್ಟಾಗಿ ಹಿಡಿಸುವುದಿಲ್ಲ. ಅವಳ ಊರಿನ ಕಡೆ ಶೇಂಗಾ, ಮೆಕ್ಕೆಜೋಳ, ರಾಗಿ. ಎಲ್ಲಕ್ಕೂ ಮೇಲೆ ಮುಗಿಲು ನೋಡುವ ಕೆಲಸ. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಬಳ್ಳಿ ಸುತ್ತಿ, ಹೊಸ ನೀರು ತಂದು ತುಂಬಿ ಪೂಜೆ ಮಾಡುವುದು. ನಮ್ಮ ಮನೆಯಲ್ಲಿ ನಲ್ಲಿ ತಿರುಗಿಸಿದರೆ ಮುಗಿಯಿತು. ಮದುವೆಯಾದ ಹೊಸತರಲ್ಲಿ ನಾನು ಕೇಳಿದ್ದೆ: "ನಿಮ್ಮೂರಾಗೂ ಈ ಹಬ್ಬ ಐತೇನು?" ಅವಳು ಹಂಡೆಯಿಂದ ಕಣ್ಣೆತ್ತದೆ, "ನಮ್ಮೂರಲ್ಲಿ ಮುನ್ನೂರ ಅರವತ್ತೈದು ದಿನಾನೂ ಇದೇ ಹಬ್ಬ ಕಣ್ರೀ" ಅಂದಳು. ಬಾಯಿ ಮುಚ್ಚಿಕೊಂಡೆ. ಈಗೀಗ ತುಂಗಭದ್ರೆಯ ನೀರನ್ನು ಎತ್ತಿ ಜಗಳೂರು ತಾಲ್ಲೂಕಿನ 57 ಕೆರೆಗಳಿಗೆ ತುಂಬಿಸುವ ಯೋಜನೆಯ ಮಾತು ಬಂದಾಗೆಲ್ಲ ನಾನು ಮೀಸೆ ತಿರುವುತ್ತೇನೆ: ನಮ್ಮ ಹೊನ್ನಾಳಿ ಮುಟ್ಟಿ ಹೋಗುವ ಹೊಳೆ ನಿಮ್ಮೂರಿಗೆ ಬರುತ್ತಿದೆ, ನೆನಪಿರಲಿ. "ನನ್ನನ್ನ ಇಲ್ಲಿಗೆ ಕಳಿಸಿದ್ದಕ್ಕೆ ಬದಲಿ ಕೊಡ್ತಾ ಇದ್ದೀರಾ ಅಷ್ಟೇ" ಅನ್ನುತ್ತಾಳೆ. ನಡುವೆ ಅಕ್ಕ ಬಾಯಿ ಹಾಕಿ, ಏಷ್ಯಾಕ್ಕೇ ಎರಡನೆಯದೆಂದು ಚನ್ನಗಿರಿಯವರೆಲ್ಲ ಹೇಳಿಕೊಳ್ಳುವ ಸೂಳೆಕೆರೆಯನ್ನು ತಂದು ನಿಲ್ಲಿಸುತ್ತಾಳೆ. ಒಂದು ಹಂಡೆ ನೀರಿನ ಮುಂದೆ ಕೂತು ಮೂವರೂ ಹೀಗೆ ಜಲಜಗಳ ಆಡುವಷ್ಟರಲ್ಲಿ ಅವ್ವ ಆರತಿ ಮುಗಿಸಿರುತ್ತಾಳೆ.

ಪಾಡ್ಯಕ್ಕೆ ಹಟ್ಟಿ ಲಕ್ಕವ್ವ. ಈ ಅಧ್ಯಾಯ ಟೈಲ್ಸ್ ಹಾಕಿಸಿದ ಮನೆಯವರಿಗೆ ಕಠಿಣ. ಸಗಣಿ ಬೇಕು. ಸಗಣಿ ಬೇಕೆಂದರೆ ದನ ಬೇಕು. ದನ ಮಾರಿ ಯಾವ ಕಾಲವಾಯಿತೋ. ಬೆಳಗಿನ ಜಾವ ಬಕೆಟ್ಟು ಹಿಡಿದು ಇನ್ನೊಬ್ಬರ ಕೊಟ್ಟಿಗೆ ಮುಂದೆ ನಿಲ್ಲುವುದು ನನ್ನ ಪಾಲಿನ ಸೇವೆ. ಅಲ್ಲಿ ಆಗಲೇ ನಾಲ್ಕೈದು ಬಕೆಟ್ಟು. ರೇಷನ್ ಅಂಗಡಿಯ ಕ್ಯೂ ಆದರೂ ಸರಾಗ. ತಂದ ಸಗಣಿಯನ್ನು ಅವ್ವ ಎರಡೂ ಕೈಯಲ್ಲಿ ಒತ್ತಿ, ಚೂಪು ಮಾಡಿ, ನೆತ್ತಿಗೆ ಚೆಂಡುಹೂವು, ಮಗ್ಗುಲಿಗೆ ಉತ್ತರಾಣಿ ಕಡ್ಡಿ, ಕಾಚಿಕಡ್ಡಿ, ಬ್ರಹ್ಮದಂಡೆ ಸಿಕ್ಕಿಸಿ ಹೊಸ್ತಿಲ ಎರಡೂ ಬದಿಗೆ ಕೂರಿಸುತ್ತಾಳೆ. ಎಷ್ಟು ಕೂರಿಸಬೇಕು ಎಂಬಲ್ಲಿಂದ ಸಭೆ ಶುರು. ತಮ್ಮನ ಹೆಂಡತಿಯ ಲೆಕ್ಕ ಬೇರೆ, ನನ್ನವಳ ಲೆಕ್ಕ ಬೇರೆ, ಅಕ್ಕ ತವರಿನ ಲೆಕ್ಕವನ್ನು ಮರೆತು ಗಂಡನ ಮನೆಯ ಲೆಕ್ಕ ಹೇಳುತ್ತಾಳೆ. ಅವ್ವ ಯಾರಿಗೂ ಉತ್ತರ ಕೊಡದೆ ಸಗಣಿ ಇರುವಷ್ಟು ಮಾಡಿ ಕೈ ತೊಳೆಯುತ್ತಾಳೆ.

ಇವೆಲ್ಲ ಕಡ್ಡಿ ಸೊಪ್ಪು ಹಿಂದೆ ಬದುವಿನಲ್ಲಿ ಸಿಗುತ್ತಿದ್ದವು. ಈಗ ಸಂತೆಯಲ್ಲಿ ಕಟ್ಟು ಕಟ್ಟಿ ಮಾರುತ್ತಾರೆ. "ಒಂದು ಹಿಡಿ ಕಾಚಿಕಡ್ಡಿಗೆ ಇಷ್ಟಾ?" ಎಂದು ನಾನು ವರ್ಷವೂ ಗೊಣಗುತ್ತೇನೆ, ಅವ್ವ ವರ್ಷವೂ ಅದೇ ಕಥೆ ತೆಗೆಯುತ್ತಾಳೆ. ದಾವಣಗೆರೆ ತಾಲ್ಲೂಕಿನ ಲೋಕಿಕೆರೆಯಲ್ಲಿ ತಲೆತಲಾಂತರದಿಂದ ದೀಪಾವಳಿ ಮಾಡದವರಿದ್ದಾರೆ. ಒಂದಾನೊಂದು ಕಾಲದಲ್ಲಿ ಹಬ್ಬಕ್ಕೆಂದು ಕಾಚಿಕಡ್ಡಿ ತರಲು ಕಾಡಿಗೆ ಹೋದ ಅವರ ಹಿರಿಯರು ಮರಳಿ ಬರಲಿಲ್ಲವಂತೆ. ಹುಡುಕಿದರೂ ಸಿಗಲಿಲ್ಲವಂತೆ. ಅಂದಿನಿಂದ ಆ ಮನೆಗಳಲ್ಲಿ ಈ ಹಬ್ಬವಿಲ್ಲ. ಅವ್ವ ಇದನ್ನು ಹೇಳುವುದು ಸಂಜೆ ದೀಪ ಹಚ್ಚುವ ಸ್ವಲ್ಪ ಮುಂಚೆ, ಹುಡುಗರೆಲ್ಲ ಪಟಾಕಿ ಡಬ್ಬಿ ಹಿಡಿದು ಕುಣಿಯುತ್ತಿರುವಾಗ. ಹುಡುಗರು ಗಪ್‌ಚಿಪ್. "ಜೀವ ಕೊಟ್ಟು ತರೋ ಕಡ್ಡಿ ಅದು. ನೀನು ರೊಕ್ಕ ಕೊಟ್ಟು ತಂದಿದ್ದಕ್ಕೆ ಅಳ್ತೀಯಲ್ಲೋ" ಎಂದು ಕೊನೆಗೊಂದು ಕುಟುಕು. ಪಟಾಕಿಗೆ ಸುಪ್ರೀಂ ಕೋರ್ಟು 2018ರಲ್ಲಿ ರಾತ್ರಿ ಎಂಟರಿಂದ ಹತ್ತು ಎಂದು ಹೊತ್ತು ಗೊತ್ತುಮಾಡಿತು. ನಮ್ಮ ಮನೆಯ ಹುಡುಗರನ್ನು ಎಂಟರವರೆಗೆ ಹಿಡಿದು ಕೂರಿಸುವುದು ಕೋರ್ಟಿಗಲ್ಲ, ಅವ್ವನ ಈ ಕಥೆಗೆ ಮಾತ್ರ ಸಾಧ್ಯವಾಗಿದೆ.

ಪರದೆ ಎಳೆಯುವ ವಿಚಾರಕ್ಕೆ ಬರೋಣ. ಬೆಂಗಳೂರಿನ ಯೋಜನೆಯ ಪ್ರಕಾರ ಕಿಟಕಿ ಬಾಗಿಲು ಮುಚ್ಚಿ ಒಳಗೊಳಗೇ ಬೆಚ್ಚಗಿರಬೇಕು. ಅವ್ವನ ಪ್ರಕಾರ ದೀಪಾವಳಿಯ ಸಂಜೆ ಬಾಗಿಲು ಹಾಕಿದ ಮನೆಗೆ ಲಕ್ಷ್ಮಿ ಬರುವುದಿಲ್ಲ. ನನ್ನ ಪ್ರಕಾರ, ಗದ್ದೆ ಬಯಲಿನ ಈ ಊರಲ್ಲಿ ಆಶ್ವೀಜದ ಸಂಜೆ ಬಾಗಿಲು ತೆರೆದರೆ ಲಕ್ಷ್ಮಿಗಿಂತ ಮುಂಚೆ ಸೊಳ್ಳೆ ಬರುತ್ತವೆ, ಅವುಗಳ ಹಿಂದೆ ದೀಪದ ಹುಳು. ಮೂರೂ ಪಕ್ಷ ಹಟ ಹಿಡಿದಾಗ ಮಾತಾಡಿದವಳು ನ್ಯಾಮತಿಯವಳು. ಅವಳು ಮಾತು ಕಡಿಮೆ, ಆಡಿದರೆ ಸಭೆ ಕೇಳುತ್ತದೆ.

ಅವಳ ತವರಿನ ಮಗ್ಗುಲಲ್ಲೇ ತಾಂಡಾ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ ಜಾಗವೆಂದು ಬಂಜಾರರಿಗೆ ಪುಣ್ಯಕ್ಷೇತ್ರ. ಆ ಸುತ್ತಲೆಲ್ಲ ತಾಂಡಾಗಳಿವೆ. ದೀಪಾವಳಿ ಅಮಾವಾಸ್ಯೆಯ ರಾತ್ರಿ ಅಲ್ಲಿ ಮೇರಾ. ಮದುವೆಯಾಗದ ಹುಡುಗಿಯರು ಕನ್ನಡಿ ಕೂರಿಸಿದ ಅಂಗಿ, ಲಂಗ ತೊಟ್ಟು, ಕೈಯಲ್ಲಿ ದೀಪ ಹಿಡಿದು ಮೊದಲು ನಾಯಕನ ಮನೆಗೆ, ಆಮೇಲೆ ಒಂದೊಂದೇ ಮನೆಗೆ ಹೋಗಿ ಹಾಡುತ್ತ ಹರಸುತ್ತಾರೆ. ಮನೆಯವರು ಕಾಣಿಕೆ ಹಾಕುತ್ತಾರೆ. ಮಾರನೆ ದಿನ ಅದೇ ಹುಡುಗಿಯರು ಗುಂಪು ಕಟ್ಟಿಕೊಂಡು ಹೊಲ, ಕಾಡಿಗೆ ಹೋಗಿ ಹೂವು ತರುತ್ತಾರೆ. ಮುಂದಿನ ದೀಪಾವಳಿಯೊಳಗೆ ಮದುವೆಯಾಗಿ ಹೋಗುವವಳಿಗೆ ಅದೇ ಕೊನೆಯ ಮೇರಾ. ಗೆಳತಿಯರ ಕೊರಳು ತಬ್ಬಿ ಅಳುವುದೂ ಉಂಟು. "ನಾವು ಸಣ್ಣೋರಿದ್ದಾಗ ನಮ್ಮನೆ ಜಗಲಿ ಮ್ಯಾಲೆ ಕುಂತು ದೂರದಿಂದ ಆ ದೀಪ ಎಣಿಸ್ತಿದ್ವಿ ಭಾವ. ಒಂದು ಮನೆ ಮುಗಿಸಿ ಇನ್ನೊಂದಕ್ಕೆ ಹೋಗೋದು ಕಾಣ್ತಿತ್ತು. ಅಲ್ಲಿ ಯಾರೂ ಬಾಗ್ಲು ಹಾಕಂಡಿರ್ತಿರಲಿಲ್ಲ" ಅಂದಳು. ಠರಾವು ಪಾಸಾಗದ ನಮ್ಮ ಸಭೆಯಲ್ಲಿ ಅಂದು ಮಾತ್ರ ಒಂದು ತೀರ್ಮಾನವಾಯಿತು: ಬಾಗಿಲು ತೆರೆದಿರಲಿ, ಹೊಸ್ತಿಲ ಪಕ್ಕ ಬೇವಿನಸೊಪ್ಪಿನ ಹೊಗೆ ಹಾಕೋಣ. ದಾಲ್ಚಿನ್ನಿಯ ವಾಸನೆ ಆ ಹೊಗೆಯ ಮುಂದೆ ಎರಡು ನಿಮಿಷವೂ ನಿಲ್ಲಲಿಲ್ಲ.

ಇಷ್ಟರ ನಡುವೆ ತಮ್ಮ ಪಡಸಾಲೆಯ ಅರ್ಧ ಭಾಗ ಆಕ್ರಮಿಸಿರುತ್ತಾನೆ. ಹೊನ್ನಾಳಿ, ನ್ಯಾಮತಿ ಕಡೆ ದೀಪಾವಳಿ ಮುಗಿಯುವುದು ಹೋರಿ ಬೆದರಿಸಿದ ಮೇಲೆಯೇ. ಅವನ ಸ್ನೇಹಿತರದೊಂದು ಕೊಬ್ಬರಿ ಹೋರಿ. ಅದರ ಸಿಂಗಾರದ ಸಾಮಾನೆಲ್ಲ ನಮ್ಮ ಮನೆಗೆ ಬರುತ್ತದೆ, ಯಾಕೆಂದರೆ ಅವನ ಸ್ನೇಹಿತರ ಹೆಂಡಂದಿರು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಲೂನು, ಝರಿ ಪಟ್ಟಿ, ಬಣ್ಣದ ರಿಬ್ಬನ್ನು, ಒಂದು ಚೀಲ ಒಣಕೊಬ್ಬರಿ ಗಿಟುಕು. ದಬ್ಬಳದಲ್ಲಿ ಗಿಟುಕಿಗೆ ತೂತು ಹಾಕಿ ಹುರಿಗೆ ಪೋಣಿಸುವುದು ಸಂಜೆಯಿಡೀ ನಡೆಯುತ್ತದೆ. ಹತ್ತು ಪೋಣಿಸಿದರೆ ಎಂಟು ಉಳಿಯುತ್ತವೆ, ಎರಡು ಹುಡುಗರ ಬಾಯಿಗೆ. ಹೋರಿಯ ಓಟ, ಅದನ್ನು ಹಿಡಿದು ಕೊಬ್ಬರಿ ಹರಿಯಲು ಬಂದವರ ಗತಿ, ಇವೆಲ್ಲ ಅವನ ಬಾಯಲ್ಲಿ ಕೇಳಬೇಕು. ಅವನ ಕಥೆಯಲ್ಲಿ ಹೋರಿ ವರ್ಷ ವರ್ಷ ಎತ್ತರವಾಗುತ್ತದೆ. ಅದನ್ನು ತಡೆಯುವ ಕೆಲಸ ನನ್ನವಳದು. "ನಿಮ್ಮ ಹೋರಿಗೆ ಎಷ್ಟು ಕೊಂಬಪ್ಪ?" ಎಂದು ಕೇಳುತ್ತಾಳೆ. ಎರಡು. "ನಮ್ಮೂರಿನ ಕೊಂಡುಕುರಿಗೆ ನಾಲ್ಕು." ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡನ್ನು ನಾಲ್ಕು ಕೊಂಬಿನ ಆ ಪ್ರಾಣಿಗೆಂದೇ 2011ರಲ್ಲಿ ವನ್ಯಧಾಮ ಮಾಡಿದ್ದಾರೆ. ಅದನ್ನು ಮಾಡಿಸಿದ್ದು ತಾನೇ ಎಂಬ ಗತ್ತು ಅವಳದು. ಕೊಂಡುಕುರಿಯನ್ನು ಅವಳು ಕಣ್ಣಾರೆ ಕಂಡಿದ್ದಾಳೋ ಇಲ್ಲವೋ, ಕೇಳುವ ಧೈರ್ಯ ಈವರೆಗೆ ಯಾರೂ ಮಾಡಿಲ್ಲ.

ಈಗ ಮಂಡಕ್ಕಿ. ಇದನ್ನು ಅವಸರದಲ್ಲಿ ಹೇಳಿ ಮುಗಿಸಿದರೆ ದಾವಣಗೆರೆ ಸೀಮೆಯವನೆಂದು ಹೇಳಿಕೊಳ್ಳುವ ಹಕ್ಕು ನನಗಿರುವುದಿಲ್ಲ. ಅಗಲವಾದ ಪರಾತ ನೆಲದ ಮೇಲೆ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಜಜ್ಜಿ ಹಸಿ ಶೇಂಗಾ ಎಣ್ಣೆಯಲ್ಲಿ ಕಲಸಿಟ್ಟದ್ದು ಒಂದು ಬಟ್ಟಲಲ್ಲಿ. ಇನ್ನೊಂದರಲ್ಲಿ ಪುಟಾಣಿ ಹಿಟ್ಟು. ಸಣ್ಣಗೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ, ನಿಂಬೆಹೋಳು. ಒಲೆಯ ಮುಂದೆ ಇನ್ನೊಬ್ಬರು: ಉದ್ದಕ್ಕೆ ಸೀಳಿದ ಮೆಣಸಿನಕಾಯಿಗೆ ಓಮ, ಉಪ್ಪು ತುಂಬಿ, ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಿರುತ್ತಾರೆ. ಇಲ್ಲಿ ಕಾಲಜ್ಞಾನ ಬೇಕು. ಮಂಡಕ್ಕಿ ಕಲಸಿದ ಮೇಲೆ ಕಾಯುವುದಿಲ್ಲ, ಐದು ನಿಮಿಷ ಕಳೆದರೆ ಮೆತ್ತಗೆ. ಮೆಣಸಿನಕಾಯಿ ಒಲೆಯಿಂದ ಇಳಿದ ಮೇಲೆ ಕಾಯುವುದಿಲ್ಲ, ಆರಿದರೆ ಎಣ್ಣೆ ಬಿಡುತ್ತದೆ. ಹಾಗಾಗಿ ಕಲಸುವ ಮುಂಚೆಯೇ ಎಲ್ಲರೂ ಬಂದು ಕೂತಿರಬೇಕು. "ಬರ್ತೀನಿ, ಒಂದು ಕಾಲ್ ಐತಿ" ಅನ್ನುವವನಿಗೆ ಸಿಗುವುದು ಪರಾತದ ತಳದ ಉಪ್ಪು. ನೀವು ಎಲ್ಲ ಮನೆಮಂದಿಯನ್ನು ಒಟ್ಟಿಗೆ ಊಟಕ್ಕೆ ಕೂರಿಸಲು ಏನೇನು ಉಪಾಯ ಮಾಡಿದ್ದೀರೋ ನನಗೆ ಗೊತ್ತಿಲ್ಲ. ಮಂಡಕ್ಕಿಯಷ್ಟು ಕಟ್ಟುನಿಟ್ಟಾದ ಯಜಮಾನಿ ಇನ್ನೊಬ್ಬಳಿಲ್ಲ.

ಇನ್ನೂ ಒಂದು ಗುಣ ಇದಕ್ಕಿದೆ. ಸುತ್ತ ಕೂತು ಪರಾತದಿಂದಲೇ ಕೈ ಹಾಕಿ ತಿನ್ನಬೇಕು. ಬೆರಳಿಗೆಲ್ಲ ಎಣ್ಣೆ, ಹಿಟ್ಟು, ಖಾರ. ಆ ಕೈಯಲ್ಲಿ ಮೊಬೈಲು ಮುಟ್ಟುವಂತಿಲ್ಲ, ಮುಟ್ಟಿದರೂ ಅದು ಬೆರಳನ್ನು ಗುರುತಿಸುವುದಿಲ್ಲ. ಭಾವನ ಫೋನು ಅಡಿಕೆ ದರ ಹೊತ್ತುಕೊಂಡು ಟಿಣ್ ಎಂದು ಕೂಗುತ್ತಲೇ ಇರುತ್ತದೆ, ಅವನು ಎಡಗೈ ಚಾಚುತ್ತಾನೆ, ಎಡಗೈಯಲ್ಲಿ ಮೆಣಸಿನಕಾಯಿ. ಸೊಸೆ ಈ ಪರಾತದ ಫೋಟೊ ತೆಗೆಯಬೇಕೆಂದು ಕೈ ತೊಳೆದು ಬರುವಷ್ಟರಲ್ಲಿ ಪರಾತ ಖಾಲಿ. ಅವಳ ಕೋಝಿ ಸಂಜೆಯ ದಾಖಲೆಯಾಗಿ ಉಳಿದದ್ದು ಒಂದು ಖಾಲಿ ಪರಾತ, ಅದರ ಅಂಚಿನಲ್ಲಿ ಅವ್ವನ ಕೈಯ ಒಂದೇ ಒಂದು ಬಳೆ.

ಇಷ್ಟಾದರೂ ಹಬ್ಬ ಮುಗಿಯಲಿಲ್ಲ. ಹದಿನೈದು ದಿನಕ್ಕೆ ಗೌರಿ ಹುಣ್ಣಿಮೆ, ಸಕ್ಕರೆ ಆರತಿ. ನಮ್ಮ ಅವ್ವನ ಹತ್ತಿರ ಅವಳತ್ತೆಯ ಕಾಲದ ಮರದ ಅಚ್ಚುಗಳಿವೆ: ಬಸವ, ಆನೆ, ನವಿಲು, ತೇರು, ಗೋಪುರ. ಎರಡು ಹೋಳಿನ ಅಚ್ಚು. ಹಿಂದಿನ ದಿನವೇ ನೀರಲ್ಲಿ ನೆನೆಹಾಕಬೇಕು, ಇಲ್ಲವಾದರೆ ಸಕ್ಕರೆ ಮರಕ್ಕೆ ಕಚ್ಚುತ್ತದೆ. ನೆನೆದ ಹೋಳುಗಳನ್ನು ಜೋಡಿಸಿ ದಾರ ಬಿಗಿದು ಸಾಲಾಗಿ ನಿಲ್ಲಿಸಬೇಕು. ಸಕ್ಕರೆ ಪಾಕ ಕುದಿಯುವಾಗ ಚೂರು ಹಾಲು ಹಾಕಿದರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆದು ಬಿಸಾಡಬೇಕು. ಪಾಕ ಹದಕ್ಕೆ ಬಂದಾಗ ತಿರುವಿ ತಿರುವಿ ಬೆಳ್ಳಗಾಗುವ ಹೊತ್ತಿಗೆ ಸರಕ್ಕನೆ ಅಚ್ಚಿಗೆ ಹೊಯ್ಯಬೇಕು. ತಡವಾದರೆ ಪಾತ್ರೆಯಲ್ಲೇ ಕಲ್ಲು. ಆರಿದ ಮೇಲೆ ದಾರ ಬಿಚ್ಚಿ, ಮೆಲ್ಲಗೆ ತಟ್ಟಿ ಹೋಳು ಬಿಡಿಸಿದರೆ ಒಳಗೆ ಬಸವ.

ಅಂಗಡಿಯಲ್ಲಿ ಬಣ್ಣಬಣ್ಣದ ಸಕ್ಕರೆ ಗೊಂಬೆ ಸಿಗುತ್ತವೆ, ಮಾಡುವ ತಾಪತ್ರಯವೇನಿಲ್ಲ. ಆದರೆ ಈ ಸಲ ಮಾಡಲೇಬೇಕೆಂದು ಹಟ ಹಿಡಿದವಳು ಬೆಂಗಳೂರಿನವಳೇ. ರಜೆ ಹಾಕಿ ಬಂದಿದ್ದಳು. ಸರದೀಪ, ಪಿಯಾನೊ ಯಾವುದರ ಸುದ್ದಿಯೂ ಇಲ್ಲ, ಕೂದಲು ಮೇಲೆ ಕಟ್ಟಿ ಒಲೆಯ ಮುಂದೆ ನಿಂತಳು. ಅಚ್ಚು ಬಿಚ್ಚುವಾಗ ಹುಡುಗರು ಸುತ್ತ ಮುತ್ತಿಗೆ ಹಾಕಿದ್ದರು. ಮುರಿದ ಗೊಂಬೆ ಆರತಿಗೆ ಬರುವುದಿಲ್ಲ, ತಿನ್ನುವವರ ಪಾಲು ಎಂಬುದು ನಮ್ಮ ಮನೆಯ ಕಾನೂನು. ಹಾಗಾಗಿ "ನಾ ಬಿಚ್ತೀನಿ, ನಾ ಬಿಚ್ತೀನಿ" ಎಂದು ದಾರಕ್ಕೆ ಕೈ ಹಾಕುವವರ ಉತ್ಸಾಹವನ್ನು ನಂಬುವಂತಿಲ್ಲ. ಆನೆಯ ಸೊಂಡಿಲು ಹೋಯಿತು. ನವಿಲಿನ ಕತ್ತು ಹೋಯಿತು. ಗೋಪುರದ ಕಳಸ ಯಾರ ಬಾಯಿಗೆ ಹೋಯಿತೆಂದು ತನಿಖೆ ನಡೆಯುತ್ತಿರುವಾಗಲೇ ತೇರಿನ ಗಾಲಿ ಕಾಣೆ. ನನ್ನವಳು ಪಾಕ ಎಳೆಯದಾಯಿತು ಅಂದಳು, ಅಕ್ಕ ಹಳೆಯದಾಯಿತು ಅಂದಳು, ಅವ್ವ ಅಚ್ಚು ನೆನೆದದ್ದು ಸಾಲದು ಅಂದಳು. ಎರಡನೇ ಸಲ ಹೊಯ್ದದ್ದು ಚೆನ್ನಾಗಿ ಬಂತು. ತಟ್ಟೆಯಲ್ಲಿ ಗೊಂಬೆ ಜೋಡಿಸಿ, ನಡುವೆ ದೀಪವಿಟ್ಟು, ಹುಡುಗಿಯರು ಹೊಸ ಲಂಗದಲ್ಲಿ ಗೌರಿಗೆ ಆರತಿ ಒಯ್ದರು. ಕರೆಂಟು ಹೋಗಲೇ ಇಲ್ಲ. ನಾನೇ ಎದ್ದು ಮೇನ್ ಸ್ವಿಚ್ಚು ಆರಿಸಿದೆ. ಈವರೆಗೆ ಅದು ಯಾರಿಗೂ ಗೊತ್ತಿಲ್ಲ, ಬೈಗುಳವೆಲ್ಲ ಪಾಪ ಲೈನ್‌ಮನ್ನಿಗೆ ಬಿತ್ತು.

ಹುಣ್ಣಿಮೆಯ ಮಾರನೆ ದಿನ ಎಲ್ಲರೂ ಗಂಟುಮೂಟೆ ಕಟ್ಟುವಾಗ ಅಚ್ಚಿನ ಪ್ರಶ್ನೆ ಎದ್ದಿತು. ಮುಂದಿನ ವರ್ಷ ಚನ್ನಗಿರಿಯಲ್ಲಿ ಮಾಡೋಣ, ಅಚ್ಚು ಈಗಲೇ ಕೊಡಿ ಅಂದಳು ಅಕ್ಕ. ಅತ್ತೆಯ ಕಾಲದ್ದು, ಮನೆ ಬಿಟ್ಟು ಹೋಗಕೂಡದು ಅಂದಳು ಅವ್ವ. ಹಾಗಾದರೆ ಅದು ಹಿರಿಸೊಸೆಯ ಹಕ್ಕು ಅಂದಳು ಜಗಳೂರಿನವಳು. ಬೆಂಗಳೂರಿನವಳು ಫೋಟೊ ಹಿಡಿದು ಇಂಥದೇ ಹೊಸತು ಮಾಡಿಸೋಣ ಅಂದು ಮೂವರಿಂದಲೂ ಬೈಸಿಕೊಂಡಳು. ವಾದ ಮಧ್ಯಾಹ್ನದ ಬಸ್ಸಿನವರೆಗೂ ನಡೆಯಿತು. ನ್ಯಾಮತಿಯವಳು ಎಂದಿನಂತೆ ಮಾತಾಡಲಿಲ್ಲ, ನಕ್ಕು ಎಲ್ಲರಿಗೂ ನಮಸ್ಕಾರ ಮಾಡಿ ತಮ್ಮನ ಬೈಕು ಹತ್ತಿದಳು. ಸಂಜೆ ಅವ್ವ ಪೆಟ್ಟಿಗೆ ತೆಗೆದು ನೋಡಿದರೆ ಆನೆ, ನವಿಲು, ತೇರು, ಗೋಪುರ ಎಲ್ಲ ಇವೆ. ಬಸವನ ಜೋಡಿ ಇಲ್ಲ.